ರಾತ್ರಿ ಎರಡಕ್ಕೆ ಎದ್ದೇಳದ ಕಂಪ್ಯೂಟರ್‌ಗಳು

ಒಂದೇ /22 ಆಗಿ (ಸುಮಾರು ಸಾವಿರ ಐಪಿ ವಿಳಾಸಗಳ ಒಂದೇ ಗುಂಪಾಗಿ) ಹರಡಿಕೊಂಡಿದ್ದ ನೆಟ್‌ವರ್ಕನ್ನು ಒಂದು ಶನಿವಾರ ಕೂತು ಸಬ್‌ನೆಟ್‌ಗಳಾಗಿ, ಅಂದರೆ ಚಿಕ್ಕ ಗುಂಪುಗಳಾಗಿ, ಒಡೆದೆ. ಬ್ರಾಡ್‌ಕಾಸ್ಟ್ (ಗುಂಪಿನ ಎಲ್ಲರಿಗೂ ಒಟ್ಟಿಗೆ ಕೂಗುವ ಪ್ಯಾಕೆಟ್) ಗದ್ದಲ ಅಷ್ಟಿತ್ತು. ಯಾವ ಪೋರ್ಟಿನಲ್ಲಿ ಹಾದುಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಓಡಿಸಿದರೂ, ಐಪಿಯಿಂದ ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ಸ್ವಂತ ವಿಳಾಸ) ಹುಡುಕುವ ಎಆರ್‌ಪಿ ಪ್ರಶ್ನೆಗಳ ಮೆರವಣಿಗೆ: ಈ ಐಪಿ ಯಾರದು, ಆ ಐಪಿ ಯಾರದು. ಸ್ವಿಚ್ ಅದನ್ನು ಎಲ್ಲ ಪೋರ್ಟಿಗೂ ಹಂಚುತ್ತದೆ, ಪ್ರತಿ ಯಂತ್ರವೂ ಬಿಚ್ಚಿ ನೋಡಿ ‘ನನಗಲ್ಲ’ ಎಂದು ಎಸೆಯಬೇಕು.

192.168.20.0/24, 21.0/24, 22ನ್ನು ಎರಡು /25 ಆಗಿ ಸೀಳಿದ್ದು, ಸರ್ವರ್‌ಗಳಿಗೆ 23.0/24. ಗೆರೆಯ ನಂತರದ ಅಂಕಿಯೇ ಮಾಸ್ಕ್, ಗುಂಪಿನ ಗಾತ್ರ ಹೇಳುವುದು ಅದು; ಅದು ಒಂದು ಹೆಚ್ಚಿದರೆ ಗುಂಪು ಅರ್ಧ. ಸೋಮವಾರ ಬೆಳಗ್ಗೆ ಎಲ್ಲರಿಗೂ ಐಪಿ ಸಿಕ್ಕಿತು. ಐಪಿ ಕೇಳುವ ಕೂಗನ್ನು ಐಪಿ ಹಂಚುವ ಸರ್ವರ್‌ಗೆ ಮುಟ್ಟಿಸುವ ಡಿಎಚ್‌ಸಿಪಿ ರಿಲೇ ಹಾಕಿದ್ದೆ. ಅದು ಬ್ರಾಡ್‌ಕಾಸ್ಟನ್ನು ದಾಟಿಸುವುದಿಲ್ಲ, ಅದನ್ನು ತಾನೇ ಹಿಡಿದು, ತನ್ನ ವಿಳಾಸ ಸೇರಿಸಿ, ಸರ್ವರ್‌ಗೆ ಯೂನಿಕಾಸ್ಟ್ ಆಗಿ (ಅದೊಂದಕ್ಕೇ) ಕಳಿಸುತ್ತದೆ. ಯಾವ ಸಬ್‌ನೆಟ್‌ನ ಐಪಿ ಕೊಡಬೇಕೆಂದು ಸರ್ವರ್‌ಗೆ ಗೊತ್ತಾಗುವುದು ಆ ವಿಳಾಸದಿಂದ. ಕೆಲಸ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಅಪ್‌ಡೇಟ್‌ಗಾಗಿ ರಾತ್ರಿ ಎರಡು ಗಂಟೆಗೆ ವೇಕ್-ಆನ್-ಲ್ಯಾನ್‌ನಿಂದ (ಆಫ್ ಆದ ಯಂತ್ರವನ್ನು ನೆಟ್‌ವರ್ಕ್ ಮೂಲಕ ಆನ್ ಮಾಡುವ ವಿಧಾನ) ಕಂಪ್ಯೂಟರ್‌ಗಳನ್ನು ಎಬ್ಬಿಸುವ ಸ್ಕ್ರಿಪ್ಟ್ ಇತ್ತು. ಎಬ್ಬಿಸುವ ಪ್ಯಾಕೆಟ್ ಇಷ್ಟೇ: ಆರು ಎಫ್‌ಎಫ್ ಬೈಟ್, ಆಮೇಲೆ ಯಂತ್ರದ ಮ್ಯಾಕ್ ವಿಳಾಸ 16 ಸಲ, ಒಟ್ಟು 102 ಬೈಟ್. ಸ್ಕ್ರಿಪ್ಟ್ ಅದನ್ನು 255.255.255.255ಕ್ಕೆ ಕಳಿಸುತ್ತಿತ್ತು. ಅವತ್ತು ರಾತ್ರಿ ಸರ್ವರ್ ಇದ್ದ ಸಬ್‌ನೆಟ್ಟಿನ ಎರಡು ಯಂತ್ರ ಬಿಟ್ಟು ಒಂದೂ ಏಳಲಿಲ್ಲ. ಆ ವಿಳಾಸಕ್ಕೆ ‘ಎಲ್ಲರೂ’ ಎಂಬ ಅರ್ಥವಿಲ್ಲ, ‘ಈ ಕೊಂಡಿಯಲ್ಲಿರುವ ಎಲ್ಲರೂ’ ಎಂಬುದಷ್ಟೇ ಅರ್ಥ. ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ರೂಟರ್ ದಾಟಬಹುದೆಂಬ ಎಣಿಕೆ) ಎಷ್ಟೇ ಇರಲಿ, ಸಬ್‌ನೆಟ್‌ಗಳನ್ನು ಜೋಡಿಸುವ ರೂಟರ್ ಅದನ್ನು ದಾಟಿಸುವುದಿಲ್ಲ. ಪುಸ್ತಕದಲ್ಲಿ ಓದಿದ್ದೆ, ಶನಿವಾರ ನೆನಪಾಗಲಿಲ್ಲ.

ಸರಿ, ನೇರವಾಗಿ ಯಂತ್ರದ ಐಪಿಗೇ ಕಳಿಸೋಣ ಎಂದು ಸಂಜೆ ಒಂದನ್ನು ಆಫ್ ಮಾಡಿ ಪ್ರಯತ್ನಿಸಿದೆ. ಥಟ್ಟನೆ ಎದ್ದಿತು. ಸಹೋದ್ಯೋಗಿಗೂ ತೋರಿಸಿದೆ. ಬೆಳಗ್ಗೆ ಬಂದರೆ ಎಲ್ಲವೂ ಮಲಗಿವೆ. “ಸರ್, ನಿನ್ನೆ ನೀವೇ ತೋರಿಸಿದ್ರಲ್ಲ?” ಎಂದ ಅವನು. ಉತ್ತರ ಎಆರ್‌ಪಿ ಟೇಬಲ್‌ನಲ್ಲಿತ್ತು. ಸಂಜೆ ರೂಟರ್‌ಗೆ ಆ ಐಪಿಯ ಮ್ಯಾಕ್ ಇನ್ನೂ ನೆನಪಿತ್ತು, ಹಾಗಾಗಿ ಪ್ಯಾಕೆಟ್ ಹೋಯಿತು. ಸಿಸ್ಕೊದ ಐಒಎಸ್ ತಂತ್ರಾಂಶ ಓಡುವ ಸಾಧನಗಳಲ್ಲಿ ಆ ನೆನಪಿನ ಆಯಸ್ಸು ಬದಲಿಸದಿದ್ದರೆ 4 ಗಂಟೆ. ಆಮೇಲೆ ರೂಟರ್ ‘ಈ ಐಪಿ ಯಾರದು’ ಎಂದು ಕೂಗುತ್ತದೆ, ಆಫ್ ಆಗಿರುವ ಯಂತ್ರ ಓಗೊಡುವುದಿಲ್ಲ, ಪ್ಯಾಕೆಟ್ ಅಲ್ಲೇ ಸಾಯುತ್ತದೆ. ಐದು ನಿಮಿಷದ ಪರೀಕ್ಷೆಯಲ್ಲಿ ಪಾಸಾಗಿ ರಾತ್ರಿ ಫೇಲಾಗುವ ಇಂಥವೇ ನನ್ನನ್ನು ಜಾಸ್ತಿ ಸತಾಯಿಸಿದ್ದು.

ಮೂರನೆಯ ದಾರಿ ಡೈರೆಕ್ಟೆಡ್ ಬ್ರಾಡ್‌ಕಾಸ್ಟ್. ಅಂದರೆ ಆ ಸಬ್‌ನೆಟ್ಟಿನ ಎಲ್ಲರಿಗೂ ಎಂಬ ಅರ್ಥದ, ಅದರ ಕೊನೆಯ ವಿಳಾಸ 192.168.20.255ಕ್ಕೆ ಕಳಿಸುವುದು. ಇಲ್ಲೊಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ಲಿನಕ್ಸ್‌ನಲ್ಲಿ 255.255.255.255ಕ್ಕೆ ಕಳಿಸುವಾಗ ಸಾಕೆಟ್‌ಗೆ (ಪ್ರೋಗ್ರಾಂ ನೆಟ್‌ವರ್ಕ್ ಜೊತೆ ಮಾತಾಡುವ ಕಿಂಡಿ) ಬ್ರಾಡ್‌ಕಾಸ್ಟ್ ಅನುಮತಿ ಕೊಡದಿದ್ದರೆ ಲಿನಕ್ಸಿನ ತಿರುಳಾದ ಕರ್ನಲ್ ಒಪ್ಪುವುದಿಲ್ಲ. ಈಗ ಆ ಸಾಲನ್ನು ಮರೆತಿದ್ದೆ, ಆದರೂ ಅದು ತಕರಾರಿಲ್ಲದೆ ಕಳಿಸಿತು. ಯಾಕೆಂದರೆ 23ರಲ್ಲಿ ಕೂತ ಸರ್ವರ್‌ಗೆ 20.255 ಬ್ರಾಡ್‌ಕಾಸ್ಟ್ ಎಂದು ಗೊತ್ತೇ ಇಲ್ಲ. ಅಲ್ಲಿನ ಮಾಸ್ಕ್ ಅದಕ್ಕೆ ಹೇಗೆ ಗೊತ್ತಾಗಬೇಕು? ದಾರಿಯಲ್ಲಿನ ರೂಟರ್‌ಗಳಿಗೂ ಅಷ್ಟೇ, ಅವಕ್ಕದು ಎಲ್ಲ ವಿಳಾಸಗಳಂತೆ ಒಂದು ವಿಳಾಸ. ಆ ಸಬ್‌ನೆಟ್ ತನಗೆ ನೇರವಾಗಿ ಅಂಟಿಕೊಂಡಿರುವ ಕೊನೆಯ ರೂಟರ್ ಮಾತ್ರ ತನ್ನ ಇಂಟರ್‌ಫೇಸಿನ ಮಾಸ್ಕ್ ನೋಡಿ ‘ಇದು ಎಲ್ಲರಿಗೂ’ ಎಂದು ಗುರುತಿಸುತ್ತದೆ. ಹಳೆಯ /22ರಲ್ಲಿ 21.255 ಒಂದು ಪ್ರಿಂಟರಿನ ವಿಳಾಸವಾಗಿತ್ತು, ಅದರಲ್ಲಿ ತಪ್ಪೇನೂ ಇರಲಿಲ್ಲ.

ಆ ಕೊನೆಯ ರೂಟರ್‌ಗೆ ಪ್ಯಾಕೆಟ್ ತಲುಪುತ್ತಿತ್ತು, ಆಚೆ ಬರುತ್ತಿರಲಿಲ್ಲ. ಯಾರೂ ಬದಲಿಸದಿದ್ದರೆ ರೂಟರಿನಲ್ಲಿ ಡೈರೆಕ್ಟೆಡ್ ಬ್ರಾಡ್‌ಕಾಸ್ಟ್ ಬಂದ್ ಆಗಿರಬೇಕೆಂದು 1999ರ ಆರ್‌ಎಫ್‌ಸಿ 2644 (ಇಂಟರ್ನೆಟ್ ನಿಯಮಗಳ ದಾಖಲೆ) ಹೇಳುತ್ತದೆ; ಅದಕ್ಕೆ ಮುಂಚಿನ ನಿಯಮ ತದ್ವಿರುದ್ಧ. ಬದಲಾಯಿಸಿದ್ದು ಸ್ಮರ್ಫ್ ದಾಳಿ: ಬಲಿಪಶುವಿನ ಐಪಿಯನ್ನು ಕಳಿಸುವವನ ಜಾಗದಲ್ಲಿ ಬರೆದು ಬ್ರಾಡ್‌ಕಾಸ್ಟ್ ವಿಳಾಸಕ್ಕೊಂದು ಪಿಂಗ್ ಕಳಿಸಿದರೆ, ಸಬ್‌ನೆಟ್ಟಿನವರೆಲ್ಲ ಆ ಪಾಪದವನ ಮೇಲೆ ಉತ್ತರ ಸುರಿಯುತ್ತಾರೆ. ಹಾಗಾಗಿ ಬಾಗಿಲು ಪೂರ್ತಿ ತೆರೆಯುವ ಧೈರ್ಯ ಬರಲಿಲ್ಲ. ಬೇಕಾದ ವಿಎಲ್ಯಾನ್‌ಗಳಲ್ಲಿ (ಒಂದೊಂದು ಸಬ್‌ನೆಟ್‌ಗೆ ಸ್ವಿಚ್‌ನಲ್ಲಿ ಮಾಡಿದ ವಿಭಾಗ) ಮಾತ್ರ, ನಮ್ಮ ಒಂದು ಸರ್ವರ್‌ನಿಂದ ಬರುವ ಯುಡಿಪಿ 9ಕ್ಕೆ (ಎಬ್ಬಿಸುವ ಪ್ಯಾಕೆಟ್ಟಿನ ಪೋರ್ಟ್) ಮಾತ್ರ ಎಂದು ಆಕ್ಸೆಸ್ ಲಿಸ್ಟ್ (ಏನನ್ನು ಬಿಡಬೇಕೆಂದು ರೂಟರ್‌ಗೆ ಹೇಳುವ ಪಟ್ಟಿ) ಕಟ್ಟಿದೆ.

20 ಎದ್ದಿತು, 21 ಎದ್ದಿತು. 22ರಲ್ಲಿ ಅರ್ಧ ಎದ್ದಿತು, ಅರ್ಧ ಮಲಗಿತ್ತು. ಕೇಬಲ್ ನೋಡಿದೆ, ಬಯೋಸ್ ಸೆಟ್ಟಿಂಗ್ ನೋಡಿದೆ, ಒಂದು ಗಂಟೆ ಕಳೆದೆ. ಮಲಗಿದ್ದವೆಲ್ಲ 126ರೊಳಗಿನವು ಎಂದು ಪಟ್ಟಿಯಲ್ಲಿ ಕಂಡಾಗಲೇ ತಲೆಗೆ ಹೊಳೆದದ್ದು: ಮೊದಲ /25ರ ಬ್ರಾಡ್‌ಕಾಸ್ಟ್ 22.127. ನಾನು ಸ್ಕ್ರಿಪ್ಟಿನಲ್ಲಿ ಎಲ್ಲಕ್ಕೂ ಕೈಯಿಂದ .255 ಅಂಟಿಸಿದ್ದೆ, ಅದು ಎರಡನೆಯ ಅರ್ಧದ್ದು.

ಈಗ ಸ್ಕ್ರಿಪ್ಟಿನ ಪಟ್ಟಿಯಲ್ಲಿ ಮಾಸ್ಕ್ ಸಮೇತ ಸಬ್‌ನೆಟ್ ಮಾತ್ರ ಬರೆದಿಡುತ್ತೇನೆ. ಬ್ರಾಡ್‌ಕಾಸ್ಟ್ ವಿಳಾಸದ ಲೆಕ್ಕವನ್ನು ಪೈಥಾನ್‌ನ ಐಪಿಅಡ್ರೆಸ್ ಮಾಡ್ಯೂಲ್‌ಗೆ ಬಿಟ್ಟಿದ್ದೇನೆ.