ಮಾತು ಕಡಿಮೆ ಇದ್ದ ಮೈನ್ಸ್ ತಾತನ ಬದುಕನ್ನ ಬರೆದಿಡೋದು ಹೇಗೆ

ನಮ್ಮ ತಾತ ಕೆಜಿಎಫ್‌ನಲ್ಲಿ ಮೂವತ್ತು ವರ್ಷದ ಮೇಲೆ ಮೈನ್ಸ್ ಕೆಲಸ ಮಾಡಿದ್ರು, ಚಾಂಪಿಯನ್ ರೀಫ್ ಅನ್ನೋ ಚಿನ್ನದ ಗಣೀಲಿ, ಡ್ರಿಲ್ ಮೆಷಿನ್ ಮೇಲೆ. ಗಣಿ ಮುಚ್ಚೋಕೆ ಸ್ವಲ್ಪ ಮುಂಚೆ ರಿಟೈರ್ ಆದ್ರು, ಹೋದ ವರ್ಷ ತೀರ್ಕೊಂಡ್ರು. ತಿಥಿ ದಿನ ಅವರ ಬಗ್ಗೆ ನಾಲ್ಕು ಮಾತು ಹೇಳಿ ಅಂದಾಗ ಮನೆಯವರೆಲ್ಲಾ ಹೇಳಿದ್ದು ಒಂದೇ, ತುಂಬಾ ಒಳ್ಳೆಯವ್ರು, ಕಷ್ಟಪಟ್ಟು ದುಡಿದ್ರು, ಯಾರಿಗೂ ಎದುರು ಮಾತಾಡಿದವರಲ್ಲ. ಇದನ್ನ ಯಾವ ತಾತನ ಬಗ್ಗೆ ಬೇಕಾದ್ರೂ ಹೇಳ್ಬಹುದು. ನನಗೆ ಅದು ತಡೆಯೋಕಾಗ್ಲಿಲ್ಲ, ಅವತ್ತಿಂದ ಅವರದ್ದೇ ಅನ್ನೋ ವಿಷಯಗಳನ್ನ ಸೇರಿಸ್ತಾ ಬಂದೆ, ಹೇಗೆ ಮಾಡಿದೆ ಅಂತ ಇಲ್ಲಿ ಹೇಳ್ತೀನಿ. ಹಟ್ಟಿ ಚಿನ್ನದ ಗಣಿ ಕಡೆಯವರಿಗೂ ಇದು ಆಗುತ್ತೆ.

ನಿಮ್ಮ ತಾತ ಇನ್ನೂ ಇದ್ರೆ ಈ ವಾರಾನೇ ಶುರು ಮಾಡಿ. "ನಿನ್ನ ಜೀವನದ ಬಗ್ಗೆ ಹೇಳು ತಾತ" ಅಂತ ಮಾತ್ರ ಕೇಳ್ಬೇಡಿ, ನಾನು ಕೇಳಿದಾಗ "ಏನಿದೆ ಹೇಳೋಕೆ, ಹೋಗ್ತಿದ್ವಿ, ಬರ್ತಿದ್ವಿ" ಅಂದು ಟವೆಲ್ ಹೆಗಲ ಮೇಲೆ ಹಾಕ್ಕೊಂಡು ಎದ್ದು ಹೋದ್ರು. ಒಂದೇ ಒಂದು ಶಿಫ್ಟ್ ಬಗ್ಗೆ ಕೇಳಿ. ಬೆಳಗಿನ ಶಿಫ್ಟ್ ಇದ್ರೆ ಎಷ್ಟು ಗಂಟೆಗೆ ಏಳ್ತಿದ್ದೆ, ಟೋಕನ್ ಯಾರು ಕೊಡ್ತಿದ್ರು, ಗಣಿಯೊಳಗೆ ಇಳಿಸೋ ಲಿಫ್ಟು, ಆ ಕೇಜ್‌ನಲ್ಲಿ ಎಷ್ಟು ಜನ ನಿಲ್ತಿದ್ರಿ, ಕೆಳಗೆ ಊಟಕ್ಕೆ ಎಲ್ಲಿ ಕೂರ್ತಿದ್ರಿ, ಬೆವರಿದ ಬಟ್ಟೆ ಏನ್ಮಾಡ್ತಿದ್ದೆ. ಚಾಂಪಿಯನ್ ರೀಫ್ 3 ಕಿಲೋಮೀಟರ್‌ಗಿಂತ ಆಳ ಹೋಗಿತ್ತು, ಅಷ್ಟು ಕೆಳಗೆ ಬಂಡೇನೇ 60 ಡಿಗ್ರಿ ಮೇಲೆ ಸುಡ್ತಿತ್ತು, ಗಾಳಿ ತಣ್ಣಗೆ ಮಾಡಿ ಒಳಗೆ ಕಳಿಸ್ಬೇಕಿತ್ತು. ಇದು ಪುಸ್ತಕದಲ್ಲೂ ಸಿಗುತ್ತೆ, ಆದ್ರೆ ಮೊದಲನೇ ದಿನ ಕೇಜ್ ಕೆಳಗಿಳಿದಾಗ ಕಿವಿ ಅಡಚ್ಕೊಂಡು ಪಕ್ಕದವನ ತೋಳು ಹಿಡ್ಕೊಂಡಿದ್ದು, ಅವನು ಆಮೇಲೆ ಇಪ್ಪತ್ತು ವರ್ಷ ಜೊತೆಗಿದ್ದಿದ್ದು, ಅದು ತಾತನ ಹತ್ರ ಮಾತ್ರ ಸಿಗೋದು.

ಎದುರಿಗೆ ಕೂತು ಇಂಟರ್‌ವ್ಯೂ ಥರ ಮಾಡ್ಬೇಡಿ, ಪಕ್ಕದಲ್ಲಿ ಕೂರಿ, ಕೈಗೆ ಏನಾದ್ರೂ ಕೆಲಸ ಇರಲಿ. ತಾತ ಇದ್ದಾಗ ನನಗೆ ಸಿಕ್ಕಿದ ಮೂರು ರೆಕಾರ್ಡಿಂಗೂ ಅವರೆಕಾಯಿ ಸೀಸನ್‌ನಲ್ಲಿ ಕಾಯಿ ಬಿಡಿಸ್ತಾ ಕೂತಾಗ ಆಗಿದ್ದು. ರೆಕಾರ್ಡ್ ಮಾಡ್ಲಾ ಅಂತ ಮೊದಲೇ ಕೇಳ್ಬಿಡಿ, ಆಮೇಲೆ ಫೋನ್‌ನ ಫ್ಲೈಟ್ ಮೋಡ್‌ಗೆ ಹಾಕಿ ಮಂಚದ ಮೇಲೆ ಇಡಿ, ಮುಖದ ಹತ್ರ ಹಿಡೀಬೇಡಿ, ಹದಿನೈದು ನಿಮಿಷ ಸಾಕು. ಅವರು ಸುಮ್ಮನಾದ್ರೆ ನೀವೂ ಸುಮ್ಮನಿರಿ, ಮುಂದಿನ ಪ್ರಶ್ನೆಗೆ ಅವಸರ ಬೇಡ, ಆ ಗ್ಯಾಪ್ ಆದ್ಮೇಲೇ ಒಳ್ಳೆ ಮಾತು ಬರೋದು. ಫೈಲ್‌ಗೆ ಅವತ್ತೇ ತಾರೀಕು ಹಾಕಿ, ಇನ್ನೊಬ್ರ ಫೋನ್‌ಗೂ ಕಳಿಸಿ.

ಭಾಷೆ ತಿದ್ದಬೇಡಿ ದಯವಿಟ್ಟು. ನಮ್ಮನೇಲಿ ಕನ್ನಡ ಆದ್ರೂ ತಾತನ ಕೆಲಸದ ಮಾತೆಲ್ಲಾ ತಮಿಳು, ಇಂಗ್ಲಿಷು, ಮಧ್ಯೆ ಮಧ್ಯೆ ತೆಲುಗು. ಗಣಿ ಕೆಲಸದವರ ಸಾಲು ಮನೆಗಳು, ಆ ಲೈನ್ ಮನೆಗಳಲ್ಲಿ ಹಾಗೇ ಇತ್ತು, ಕೆಳಗೆ ಹೋದ್ರೂ ಹಾಗೇ. ಅವರು ಹೇಗಂದ್ರೋ ಹಾಗೇ ಕನ್ನಡ ಅಕ್ಷರದಲ್ಲಿ ಬರ್ಕೊಳ್ಳಿ.

ಮೌನ ಅನ್ನೋದನ್ನ ಸ್ವಭಾವ ಅಂತ ಬರೆದು ಮುಗಿಸೋಕೆ ಮುಂಚೆ ಸ್ವಲ್ಪ ವಿಚಾರಿಸಿ. ನಮ್ಮ ತಾತನ ಮೌನದಲ್ಲಿ ಅರ್ಧ ಕಿವಿಯದ್ದು. ಇಕ್ಕಟ್ಟಾದ ಜಾಗದಲ್ಲಿ ದಿನಾ ಡ್ರಿಲ್ ಹೊಡೆದು ಹೊಡೆದು ಎಡಗಿವಿ ಪೂರ್ತಿ ಹೋಗಿತ್ತು, ನಾವು ಆ ಕಡೆಯಿಂದ ಕರೆದ್ರೆ ತಿರುಗ್ತಾನೇ ಇರ್ಲಿಲ್ಲ, ಮಕ್ಕಳೆಲ್ಲಾ ತಾತನಿಗೆ ಕೋಪ ಅಂದ್ಕೊಂಡಿದ್ವಿ. ಇನ್ನರ್ಧ ಅಜ್ಜಿಗೆ ಹೆದರಿಕೆ ಆಗ್ಬಾರ್ದು ಅಂತ. ಆಳದಲ್ಲಿ ಬಂಡೆ ಒತ್ತಡಕ್ಕೆ ತಾನೇ ಸಿಡಿಯುತ್ತಲ್ಲ, ರಾಕ್ ಬರ್ಸ್ಟು, ಅದರ ನಡುಕ ಮೇಲೆ ಊರಿಗೂ ಗೊತ್ತಾಗ್ತಿತ್ತು. ಪಾತ್ರೆ ಅಲ್ಲಾಡಿದ್ರೆ ಅಜ್ಜಿ ಬಾಗಿಲಿಗೆ ಬಂದು ನಿಲ್ತಿದ್ರಂತೆ, ತಾತ ಬಂದು "ನಮ್ಮ ಕಡೆ ಅಲ್ಲ" ಅಂತಿದ್ರಂತೆ. ಅವರದೇ ಲೆವೆಲ್‌ನಲ್ಲಿ ಆಗಿದ್ದು ಒಂದ್ಸಲ ಅಲ್ಲ ಅಂತ ಜೊತೆ ಕೆಲಸ ಮಾಡಿದವರು ತಿಥಿ ದಿನ ಹೇಳಿದ್ರು. ಅದಕ್ಕೇ ಒಂದೇ ವಿಷಯಾನ ಮನೆಯವರ ಹತ್ರ ಒಂದ್ಸಲ, ಕೆಲಸದವರ ಹತ್ರ ಒಂದ್ಸಲ, ಬೇರೆ ಬೇರೆ ಕೂರಿಸಿ ಕೇಳಿ. ಕೆಮ್ಮಿದ್ರೆ ಅದನ್ನೂ ಬರೀರಿ, ಬಂಡೆ ಕೊರೆಯೋ ಧೂಳಿಂದ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬಂದವರು ಕೆಜಿಎಫ್‌ನಲ್ಲಿ ಎಷ್ಟೋ ಜನ, ಮನೇಲಿ ಮಾತ್ರ ಅದನ್ನ ಬೀಡಿ ಕೆಮ್ಮು ಅಂದುಬಿಡ್ತಾರೆ. ಆಸ್ಪತ್ರೆ ಚೀಟಿ ಇದ್ರೆ ನೋಡಿ.

ತೀರ್ಕೊಂಡಿದ್ರೆ ತಿಥಿ ದಿನಾನೇ ದೊಡ್ಡ ಅವಕಾಶ, ಹಳೇ ಶಿಫ್ಟ್‌ನವರು ಬರೋದು ಅವತ್ತೇ, ಆಮೇಲೆ ಸಿಗಲ್ಲ. ಊಟ ಆದ್ಮೇಲೆ ಒಂದು ಫೋಟೋ ಆಲ್ಬಮ್ ಇಟ್ಟು ಸುಮ್ಮನೆ ಕೂರಿ, ಫೋನ್ ನಂಬರ್ ತಗೊಳ್ಳಿ.

ವರ್ಷ ಯಾರಿಗೂ ನೆನಪಿರಲ್ಲ, ಗಂಟು ಹಾಕೋಕೆ ದೊಡ್ಡ ಘಟನೆ ಬೇಕು. ಕೆಜಿಎಫ್‌ಗೆ ಅಂದ್ರೆ 1956ರಲ್ಲಿ ಮೈಸೂರು ಸರ್ಕಾರ ಗಣಿ ತಗೊಂಡಿದ್ದು, 1962ರಲ್ಲಿ ಕೇಂದ್ರಕ್ಕೆ ಹೋಗಿದ್ದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಗಿದ್ದು, 2001ರ ಫೆಬ್ರವರಿ 28ಕ್ಕೆ ಮುಚ್ಚಿದ್ದು. "ಇದಕ್ಕೆ ಮುಂಚೆನಾ ಆಮೇಲೆನಾ" ಅಂತ ಕೇಳಿ, ಜೊತೆಗೆ "ಅಮ್ಮ ಆಗ ಹುಟ್ಟಿದ್ಲಾ" ಅಂತ ಸೇರಿಸಿ, ತಾನಾಗೇ ಸರಿಹೋಗುತ್ತೆ. ಅರವತ್ತರ ದಶಕದಲ್ಲಿ ಕೆಲಸದಲ್ಲಿದ್ದವರಿಗೆ ಇನ್ನೊಂದು ಪ್ರಶ್ನೆ ಇದೆ, ಕೆಳಗೆ ಸೈಂಟಿಸ್ಟ್‌ಗಳನ್ನ ನೋಡಿದ್ರಾ ಅಂತ. 1965ರಲ್ಲಿ ಅಲ್ಲೇ ನೆಲದಾಳದಲ್ಲಿ ನ್ಯೂಟ್ರಿನೋ ಹಿಡಿದಿದ್ರು, ಅಂದ್ರೆ ಮೇಲಿಂದ ಬಂದು ಬಂಡೆಯೊಳಗೂ ತೂರಿಹೋಗೋ ಅತಿ ಸಣ್ಣ ಕಣ. ನಮ್ಮ ತಾತ ಅದನ್ನ ಕೇಳಿ ನಕ್ಕು "ಕಲ್ಲೊಳಗೆ ನಕ್ಷತ್ರ ಹುಡುಕೋರು" ಅಂದಿದ್ರು, ಆ ರೆಕಾರ್ಡಿಂಗ್ ನನ್ನ ಹತ್ರ ಇದೆ.

ಟ್ರಂಕ್‌ನಲ್ಲಿರೋ ಪೇಪರ್ ಯಾವುದನ್ನೂ ಎಸೀಬೇಡಿ, ಪಿಎಫ್ ಸ್ಲಿಪ್ಪು, ಸರ್ವೀಸ್ ಸರ್ಟಿಫಿಕೇಟು, ಕ್ವಾರ್ಟರ್ಸ್ ಚೀಟಿ. ತುಕ್ಕು ಹಿಡಿದ ಪಿನ್ ತೆಗೀರಿ, ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡ. ಕಿಟಕಿ ಬೆಳಕಲ್ಲಿ ಫ್ಲ್ಯಾಶ್ ಇಲ್ದೆ ಎರಡೂ ಕಡೆ ಫೋಟೋ ತೆಗೀರಿ. ಹಳೇ ಫೋಟೋ ಹಿಂದೆ ಪೆನ್ಸಿಲ್‌ನಲ್ಲಿ ಮೆಲ್ಲಗೆ ಹೆಸರು ಬರೀರಿ.

ಜಾಗ ನೋಡೋಕೆ ಹೋದ್ರೆ ರೋಡಿಂದಾನೇ ನೋಡಿ, ಮುಚ್ಚಿದ ಶಾಫ್ಟ್ ಹತ್ರ ಹೋಗೋದು, ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದಿರೋ ಸೈನೈಡ್ ದಿಬ್ಬ ಹತ್ತೋದು ಎರಡೂ ಅಪಾಯ. ನಾನು ಬೆಂಗಳೂರಿಂದ ಮಾರಿಕುಪ್ಪಂ ಟ್ರೈನ್‌ನಲ್ಲಿ ಹೋಗಿ ತಾತ ದಿನಾ ನಡೀತಿದ್ದ ದಾರಿ ನಡೆದೆ, ಎಷ್ಟು ನಿಮಿಷ ಆಯ್ತು ಅಂತ ಬರ್ಕೊಂಡೆ.

ಬರೆಯುವಾಗ ಎರಡು ಪುಟ ಸಾಕು. ಶ್ರಮಜೀವಿ, ಸರಳ ವ್ಯಕ್ತಿ ಅನ್ನೋ ಪದ ಬಂದ ಕಡೆ ಹೊಡೆದುಹಾಕಿ ಅಲ್ಲಿ ಅವರು ಮಾಡಿದ್ದನ್ನ ಬರೀರಿ. ನಾನು ಹಾಗೆ ಹೊಡೆದ ಜಾಗದಲ್ಲಿ ಬರೆದಿದ್ದು, ನೈಟ್ ಶಿಫ್ಟ್ ಮುಗಿಸಿ ಬಂದ್ರೂ ಮಲಗೋಕೆ ಮುಂಚೆ ಅಜ್ಜಿಗೆ ನಲ್ಲಿಯಿಂದ ನಾಲ್ಕು ಬಿಂದಿಗೆ ನೀರು ತಂದಿಡ್ತಿದ್ರು ಅಂತ.

ವರ್ಷದ ತಿಥಿಗೆ ಇದನ್ನ ಓದ್ತೀನಿ. ಅಷ್ಟರಲ್ಲಿ ಅಜ್ಜಿ ಹತ್ರ ಎರಡು ಕೇಳ್ಬೇಕು, ಆ ಟಿಫನ್ ಕ್ಯಾರಿಯರ್ ಮೇಲೆ ಕೊರೆದಿರೋ ನಂಬರ್ ತಾತನ ಟೋಕನ್ ನಂಬರಾ, ಮತ್ತೆ ಕೊನೇ ಶಿಫ್ಟ್ ಮುಗಿಸಿ ಬಂದ ದಿನ ಏನು ಅಡುಗೆ ಮಾಡಿದ್ರು.