ಮಸಿಯಿಂದ ಸಿ-60 ತೆಗೆದಿದ್ದು, ಆಮೇಲೆ ಚಿಕ್ಕಪ್ಪನ ಎಣ್ಣೆ ಬಾಟ್ಲು

ಫುಲರೀನ್ (ಬರೀ ಕಾರ್ಬನ್‌ನಿಂದಾದ ಟೊಳ್ಳು ಅಣು) ಅಂದ್ರೆ ಎಲ್ರೂ ಸಿ-60ರ ಫುಟ್‌ಬಾಲ್ ಚಿತ್ರ ತೋರಿಸ್ತಾರೆ, 60 ಕಾರ್ಬನ್ ಪರಮಾಣು, 12 ಪಂಚಕೋನ, 20 ಷಟ್ಕೋನ, 1985ರಲ್ಲಿ ಕ್ರೋಟೊ, ಕರ್ಲ್, ಸ್ಮಾಲಿ ಕಂಡುಹಿಡಿದ್ರು, 1996ರಲ್ಲಿ ನೊಬೆಲ್ ಬಂತು, ಅಷ್ಟೇ. ಲ್ಯಾಬಿಗೆ ಬರೋದು ಮಾತ್ರ ಬರೀ ಮಸಿ. ಎಂ.ಎಸ್ಸಿ ಪ್ರಾಜೆಕ್ಟಿಗೆ ಇಲ್ಲೇ ಬೆಂಗಳೂರಲ್ಲಿ ಆ ಮಸಿಯಿಂದ ಸಿ-60 ಬೇರೆ ಮಾಡೋ ಕೆಲ್ಸ ನಂಗೆ ಬಿತ್ತು. ನಮ್ಮೂರಿಗೆ ಇದೇನು ಹೊಸದಲ್ಲ ಬಿಡಿ, 90ರ ದಶಕದ ಶುರುವಲ್ಲೇ ಐಐಎಸ್‌ಸಿಲಿ ಸಿ.ಎನ್.ಆರ್. ರಾವ್ ಅವರ ತಂಡ ಇದರ ಮೇಲೆ ಕೆಲ್ಸ ಮಾಡಿತ್ತು.

ಹೀಲಿಯಂ ಒಳಗೆ ಗ್ರಾಫೈಟ್ ಕಡ್ಡಿಗಳ ನಡುವೆ ಕರೆಂಟ್ ಕಿಡಿ (ಆರ್ಕ್) ಕೊಟ್ರೆ ಸಿಗೋ ಮಸಿ ಇದು. ಎಷ್ಟು ಹಗುರ ಅಂದ್ರೆ ಡಬ್ಬಿ ಮುಚ್ಚಳ ತೆಗೆದ್ರೆ ಸಾಕು ಹಾರತ್ತೆ, ಅದಕ್ಕೆ ತೂಕ ಮಾಡೋದ್ರಿಂದ ಹಿಡಿದು ಎಲ್ಲಾ ಗಾಳಿ ಹೊರಗೆಳೆಯೋ ಫ್ಯೂಮ್ ಹುಡ್ ಒಳಗೇ, ಮಾಸ್ಕ್ ಹಾಕ್ಕೊಂಡೇ. ಆಮೇಲೆ ಟಾಲ್ವೀನ್ ಅನ್ನೋ ಸಾಲ್ವೆಂಟ್ (ಕರಗಿಸೋ ದ್ರವ) ಹಾಕಿ, ಅದನ್ನೇ ಮತ್ತೆ ಮತ್ತೆ ಮಸಿ ಮೇಲೆ ಹಾಯಿಸೋ ಸಾಕ್ಸ್‌ಲೆಟ್ ಉಪಕರಣದಲ್ಲಿ ಕುದಿಸೋದು. ಕರಗದ ಕಾರ್ಬನ್ ಮಸಿ ತುಂಬಿದ ಥಿಂಬಲ್ ಅನ್ನೋ ಸೋಸೋ ಚೀಲದಲ್ಲೇ ಉಳಿಯತ್ತೆ, ಕೆಳಗಿನ ಫ್ಲಾಸ್ಕ್‌ನಲ್ಲಿ ಸಿ-60, ಸಿ-70 (70 ಕಾರ್ಬನ್‌ನ ಫುಲರೀನ್) ಎರಡೂ ಸೇರಿದ ಕೆಂಪು-ಕಂದು ದ್ರಾವಣ. ಇದನ್ನ ಇದ್ದಿಲ ಪುಡಿ ಮತ್ತೆ ಸಿಲಿಕಾ ಬೆರೆಸಿ ತುಂಬಿದ ಕಾಲಮ್‌ಗೆ (ಉದ್ದ ಕೊಳವೆ) ಹಾಕ್ಬೇಕು, ಇದ್ದಿಲು ಸಿ-70ನ ಗಟ್ಟಿಯಾಗಿ ಹಿಡ್ಕೊಳ್ಳತ್ತೆ, ಸಿ-60 ಮುಂದೆ ಓಡತ್ತೆ. ಕಪ್ಪು ಕಾಲಮ್ ಕೆಳಗಿಂದ ಮೊದಲ ಹನಿ ಬಿದ್ದಾಗ ನೇರಳೆ ಹಣ್ಣು ತಿಂದ ನಾಲಿಗೆ ಬಣ್ಣ! ಯಾವ ಬೆಳಕು ಹೀರತ್ತೆ ಅಂತ ನೋಡೋ ಯುವಿ ಪರೀಕ್ಷೆಲಿ 335 ನ್ಯಾನೋಮೀಟರ್ ಹತ್ರ ಸಿ-60ರ ಗುರುತಿನ ಪೀಕ್ ಬಂದ್ಮೇಲೇ ನಮ್ ಗೈಡ್ ಮೇಡಂ ನಕ್ಕಿದ್ದು.

ನೇರಳೆ ಬಾಟ್ಲಿಗೆ ತಕ್ಷಣ ಫಾಯಿಲ್ ಸುತ್ತು ಅಂದ್ರು ಮೇಡಂ. ಸಿ-60 ಮೇಲೆ ಬೆಳಕು ಬಿದ್ದು ಸುತ್ತ ಆಕ್ಸಿಜನ್ ಇದ್ರೆ ಸಿಂಗ್ಲೆಟ್ ಆಕ್ಸಿಜನ್ ಅನ್ನೋ ತುಂಬಾ ಚುರುಕಾದ ಆಕ್ಸಿಜನ್ ಹುಟ್ಟತ್ತೆ, ಅದು ಜೀವಕೋಶಕ್ಕೆ ವಿಷ. ಸಿ-60 ಮೇಲೆ ಬೆಳಕು ಹಾಯಿಸಿ ಕ್ಯಾನ್ಸರ್ ಕೋಶ ಸಾಯಿಸ್ಬಹುದಾ ಅಂತ ಸಂಶೋಧನೆ ನಡೀತಿರೋದೂ ಇದೇ ಗುಣದ ಮೇಲೆ, ಭಯ ಪಡ್ಬೇಕಾಗಿರೋದೂ ಇದಕ್ಕೇ.

ಇದನ್ನೆಲ್ಲಾ ಬರೀತಿರೋದು ಯಾಕಂದ್ರೆ ರಾಜಾಜಿನಗರದ ನಮ್ ಚಿಕ್ಕಪ್ಪ ಆಲಿವ್ ಎಣ್ಣೆಲಿ ಸಿ-60 ಕರಗಿಸಿರೋ ಬಾಟ್ಲಿನ ಜಾಹೀರಾತು ಕಳಿಸಿ, "ನೀನ್ ಮಾಡೋದು ಇದೇ ಅಲ್ವೇನಮ್ಮಾ, ಇಲಿಗಳು ಡಬಲ್ ಆಯಸ್ಸು ಬದುಕಿದ್ವಂತೆ, ಒಂದ್ ಬಾಟ್ಲು ಮಾಡ್ಕೊಡು" ಅಂದ್ರು. ಆ ಇಲಿ ಕತೆ 2012ರ ಒಂದು ಪೇಪರ್‌ದು, ಇಲಿಗಳು ತುಂಬಾ ಕಮ್ಮಿ. 2020ರಲ್ಲಿ ಬೇರೆಯವರು ಮತ್ತೆ ಮಾಡಿ ನೋಡಿದಾಗ ಆಯಸ್ಸೇನೂ ಆ ಥರ ಹೆಚ್ಚಲಿಲ್ಲ, ಬೆಳಕಿಗೆ ಒಡ್ಡಿದ ಎಣ್ಣೆ ಕೊಟ್ಟ ಇಲಿಗಳಿಗೆ ಕೇಡೇ ಆಯ್ತು. ಹಾಗಂತ ವಿಷ ಅನ್ನೋ ಪೇಪರೆಲ್ಲಾ ಕಣ್ಮುಚ್ಚಿ ನಂಬೋಕೂ ಆಗಲ್ಲ, 2004ರಲ್ಲಿ ಮೀನಿನ ಮೆದುಳಿಗೆ ಹಾನಿ ಅಂತ ದೊಡ್ಡ ಸುದ್ದಿ ಆಯ್ತಲ್ಲ, ಆ ಥರ ಪ್ರಯೋಗಗಳಲ್ಲಿ ಉಳ್ಕೊಂಡಿದ್ದ ಟಿಎಚ್‌ಎಫ್ ಸಾಲ್ವೆಂಟೇ ಕಾರಣ ಇರ್ಬಹುದು ಅಂತ ಆಮೇಲೆ ವಾದ ಬಂತು. ಕಾಲಮ್ ಓಡಿಸಿದವರಿಗೆ ಇದು ಚೆನ್ನಾಗಿ ಅರ್ಥ ಆಗತ್ತೆ, ಪುಡಿ ಒಣಗಿದೆ ಅನ್ಸಿದ್ರೂ ಹರಳೊಳಗೆ ಟಾಲ್ವೀನ್ ಕೂತಿರತ್ತೆ, ವ್ಯಾಕ್ಯೂಮ್‌ನಲ್ಲಿ ಬಿಸಿ ಮಾಡಿ ಓಡಿಸ್ಬೇಕು. ಬಾಟ್ಲು ಮಾರೋರು ಅಷ್ಟು ಕಷ್ಟ ಪಟ್ಟಿರ್ತಾರಾ?

ನನ್ನ ಕೇಳಿದ್ರೆ ಸಿ-60 ಜಾಗ ಸದ್ಯಕ್ಕೆ ಸೋಲಾರ್ ಸೆಲ್‌ಗಳ ಥರದ ಕೆಲ್ಸದಲ್ಲಿ, ಎಲೆಕ್ಟ್ರಾನ್ ಚೆನ್ನಾಗಿ ಹಿಡ್ಕೊಳ್ಳತ್ತೆ ಅಂತ ಅದರ ಪಿಸಿಬಿಎಂ ಅನ್ನೋ ಸ್ವಲ್ಪ ಬದಲಿಸಿದ ರೂಪ ವರ್ಷಗಟ್ಟಲೆ ಬಳಸಿದಾರೆ. ಹೊಟ್ಟೆಗೆ ಬೇಡ ಅಂತ ಚಿಕ್ಕಪ್ಪಂಗೆ ಹೇಳಿದ್ದಾಯ್ತು. ಈಗ ಮಂಡಿಗೆ ಹಚ್ಕೋಬಹುದಾ ಅಂತ ಕೇಳ್ತಿದಾರೆ.