ಬರಹ ಎಷ್ಟು ಉದ್ದ ಇರಬೇಕು? ಮೊದಲು ಓದುವವರ ಲೆಕ್ಕ ಹಾಕಿ

ಕಾಫಿ, ಮಳೆ, ಹೋಂ ಸ್ಟೇ, ಊರಿನ ಹಬ್ಬ. ಕೊಡಗಿನಲ್ಲಿ ಬರೆಯುವ ವಿಷಯಕ್ಕೇನೂ ಬರ ಇಲ್ಲ. ಮೊಬೈಲ್‌ನಲ್ಲೇ ಟೈಪ್ ಮಾಡಿ ನಾಲ್ಕು ಜನರಿಗೆ ಓದಿಸುವವರೂ ಈಗ ಜಾಸ್ತಿ. ಅವರಲ್ಲಿ ಹೆಚ್ಚಿನವರು ಮೊದಲು ಕೇಳುವುದು, ‘ಎಷ್ಟು ಪದ ಬರೆಯಬೇಕು?’ ಅಂತ. ಪದಗಳ ಲೆಕ್ಕ ಕೊನೆಗಿರಲಿ. ಕೆಲಸ ಶುರುವಾಗುವುದು ಬೇರೆ ಕಡೆಯಿಂದ.

ಓದಿದವರು ಮುಂದೆ ಏನು ಮಾಡಬೇಕು ಅನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯನ್ನೇ ತೆಗೆದುಕೊಳ್ಳಿ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ಮುಹೂರ್ತ ನಿಗದಿಯಾದ ಮೇಲೆ ಹತ್ತಿರದ ನಾಪೋಕ್ಲಿನವರಿಗೆ ಬೇಕಿರುವುದು ದಿನ, ನೆರೆ (ಎಲೆಗಳ ಕಟ್ಟು) ಕಟ್ಟುವ ಹೊತ್ತು, ಕದಿರು (ಭತ್ತದ ತೆನೆ) ತೆಗೆಯುವ ಹೊತ್ತು. ಐದಾರು ಸಾಲು ಸಾಕು. ಅದೇ ಹಬ್ಬವನ್ನು ಮೊದಲ ಸಲ ನೋಡಲು ಬರುವ ಮೈಸೂರಿನವರಿಗೆ ನೆರೆ ಅಂದರೇನು, ಕದಿರನ್ನು ಮನೆಗೆ ಹೇಗೆ ತರುತ್ತಾರೆ, ಎಲ್ಲವನ್ನೂ ಹೇಳಬೇಕು. ಇಬ್ಬರಿಗೂ ಒಂದೇ ಬರಹ ಬರೆಯಲು ಹೋಗಬೇಡಿ. ಎರಡು ಮಾಡಿ.

ಆಮೇಲೆ ಓದುವವರು ಕೇಳಬಹುದಾದ ಪ್ರಶ್ನೆಗಳನ್ನು ಪಟ್ಟಿ ಮಾಡಿ. ನನ್ನ ಪ್ರಕಾರ ಉದ್ದ ತೀರ್ಮಾನವಾಗುವುದು ಇಲ್ಲೇ. ಹೊಸದಾಗಿ ತೋಟ ನೋಡಿಕೊಳ್ಳುತ್ತಿರುವವರಿಗೆ ಕಾಫಿ ಹಣ್ಣು ಒಣಗಿಸುವುದರ ಬಗ್ಗೆ ಬರೆಯುತ್ತೀರಿ ಅಂದುಕೊಳ್ಳಿ. ಹಣ್ಣನ್ನು ಕಣದಲ್ಲಿ ತೆಳ್ಳಗೆ ಹರಡಬೇಕು ಅನ್ನುವುದಕ್ಕೆ ಒಂದು ವಾಕ್ಯ ಸಾಕು. ಆದರೆ ಒಣಗಿದೆ ಅಂತ ಗೊತ್ತಾಗುವುದು ಹೇಗೆ? ಜನ ಎಡವುವುದು ಈ ಪ್ರಶ್ನೆಯಲ್ಲಿ. ಬಿಸಿಲು ಚೆನ್ನಾಗಿದ್ದರೆ ಸುಮಾರು 12ರಿಂದ 15 ದಿನ. ಹಿಡಿಯಷ್ಟು ತೆಗೆದುಕೊಂಡು ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು. ನಡುವೆ ಮೋಡ ಕವಿದರೆ ಅಷ್ಟು ದಿನಕ್ಕೆ ಆಗುವುದಿಲ್ಲ. ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚದಿದ್ದರೆ ಇಬ್ಬನಿಗೆ ಮತ್ತೆ ಒದ್ದೆಯಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಇಷ್ಟನ್ನೂ ಬಿಡಿಸಿ ಬರೆಯಬೇಕು. ಎರಡು ಪ್ಯಾರಾ ಆದರೂ ಪರವಾಗಿಲ್ಲ. ಕೈಯಲ್ಲಿ ಹಣ್ಣು ಹಿಡಿದು ನಿಂತವರಿಗೆ ಅದು ಉದ್ದ ಅನ್ನಿಸುವುದೇ ಇಲ್ಲ.

ಕಾಫಿ ಕೊಡಗಿಗೆ ಹೇಗೆ ಬಂತು ಅನ್ನುವ ಕತೆ ಮಾತ್ರ ಈ ಬರಹಕ್ಕೆ ಬೇಡ. ಚೆಂದದ ಕತೆಯೇ, ಆದರೆ ಅದನ್ನು ಇಲ್ಲಿ ಯಾರೂ ಕೇಳಿಲ್ಲ, ಅಲ್ವಾ?

ಪಟ್ಟಿ ಮುಂದಿಟ್ಟುಕೊಂಡು ಪೂರ್ತಿ ಬರೆದು ಮುಗಿಸಿ. ಬರೆಯುವಾಗಲೇ ಕಡಿಯಲು ಹೋಗಬೇಡಿ. ಮಾರನೇ ದಿನ ಮೊದಲ ಪ್ಯಾರಾ ಮುಚ್ಚಿಟ್ಟು ಎರಡನೆಯದರಿಂದ ಓದಿ ನೋಡಿ. ಏನೂ ಕಡಿಮೆ ಅನ್ನಿಸದಿದ್ದರೆ ಮೊದಲನೆಯದನ್ನು ತೆಗೆದುಹಾಕಿ. ‘ಭಾರತದ ಸ್ಕಾಟ್ಲೆಂಡ್ ಎಂದೇ ಹೆಸರಾದ ಕೊಡಗು’ ಅಂತ ಶುರುವಾಗುವ ಬರಹಗಳಲ್ಲಿ ಆ ಸಾಲು ಹೋದರೆ ಯಾರಿಗೂ ನಷ್ಟವಿಲ್ಲ. ಒಂದೇ ಮಾತು ಎರಡು ಕಡೆ ಬಂದಿದ್ದರೆ ಚೆನ್ನಾಗಿರುವುದನ್ನು ಉಳಿಸಿಕೊಳ್ಳಿ.

ಈಗ ಪದಗಳ ಲೆಕ್ಕ. 1,500 ಪದ ದಾಟಿದರೆ ಮಾತ್ರ ಗೂಗಲ್ ಹುಡುಕಿದವರಿಗೆ ಮೊದಲಿಗೇ ತೋರಿಸುತ್ತದೆ ಅಂತ ಹೇಳುವವರಿದ್ದಾರೆ. ತನಗೆ ಇಷ್ಟೇ ಪದ ಬೇಕು ಅಂತೇನೂ ಇಲ್ಲ ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ಇಂಗ್ಲಿಷಿನವರ ಲೆಕ್ಕ ನಮಗೆ ಹಾಗೇ ಹೊಂದುವುದೂ ಇಲ್ಲ. ಪ್ರತ್ಯಯಗಳೆಲ್ಲ ಪದಕ್ಕೇ ಅಂಟುವುದರಿಂದ, ಅಷ್ಟೇ ವಿಷಯ ಕನ್ನಡದಲ್ಲಿ ಕಡಿಮೆ ಪದಕ್ಕೆ ಮುಗಿಯುತ್ತದೆ. ಪತ್ರಿಕೆಗೆ ಕಳಿಸುವುದಾದರೆ ಮಾತು ಬೇರೆ. ಅಲ್ಲಿ ಜಾಗ ಅಳೆದಿಟ್ಟಿರುತ್ತಾರೆ. ಕೇಳಿದಷ್ಟೇ ಕೊಡಿ. ಹೆಚ್ಚಾದರೆ ಪ್ರಶ್ನೆಗಳನ್ನೇ ಕಡಿಮೆ ಮಾಡಿ, ಉತ್ತರಗಳನ್ನು ಅರ್ಧಕ್ಕೆ ನಿಲ್ಲಿಸಬೇಡಿ.

ಕಳಿಸುವ ಮುಂಚೆ, ಆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ‘ಚೆನ್ನಾಗಿದೆಯಾ?’ ಅಂತ ಕೇಳಬೇಡಿ. ‘ಇನ್ನೇನು ಗೊತ್ತಾಗಬೇಕಿತ್ತು? ಎಲ್ಲಿ ಸುಮ್ನೆ ದಾಟಿಸಿ ಓದಿದಿರಿ?’ ಅಂತ ಕೇಳಿ. ಮೊದಲನೆಯದಕ್ಕೆ ಉತ್ತರ ಸೇರಿಸಿ, ಎರಡನೆಯದನ್ನು ಅಳಿಸಿ.